ಕೋಡಿಬಾಗದ ಬಾವಿಗೆ ಬಿಟ್ಟ ಮೀನು

ಹೋದ ಬೇಸಿಗೆಯಲ್ಲಿ ಕಾರವಾರದಿಂದ ಫೋನು ಬಂದಿತ್ತು. ಕೋಡಿಬಾಗದಲ್ಲಿ ಒಂದು ಮನೆಯ ಕಂಪೌಂಡ್ ಗೋಡೆ ವಾಲಿದೆ, ಬಂದು ನೋಡಿ ಎಂದಿದ್ದರು. ಹೋಗಿ ನೋಡಿ, ಹೇಳುವುದನ್ನು ಹೇಳಿ, ಬಸ್ಸಿಗೆಂದು ಹೊರಟವನು ಯಾಕೋ ಹಳೇ ಓಣಿಯ ಕಡೆ ತಿರುಗಿದೆ. ಕಾಳಿ ನದಿಯಲ್ಲಿ ನೀರು ಇಳಿದಿತ್ತು. ದಡದ ಕೆಸರು ಬಿಸಿಲಿಗೆ ಕಾದು ಬರುವ ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ನಡೆಯಿತು. ನಾವಿದ್ದ ಸಾಲುಮನೆ ಹಾಗೇ ಇತ್ತು. ಹಂಚಿನ ಜಾಗದಲ್ಲಿ ತಗಡು ಬಂದಿತ್ತು, ಅಷ್ಟೇ. ಹಿತ್ತಲಲ್ಲಿ ಬಾವಿ ಇತ್ತು. ಅದರ ರಾಟೆಯೂ ಇತ್ತು. ಹತ್ತಿರ ಹೋಗಿ ಹಗ್ಗ ಮುಟ್ಟಿದೆ.

ಒದ್ದೆಯಾಗಿತ್ತು.

ಮುಟ್ಟಿದ ಕೈ ಹಿಂದಕ್ಕೆಳೆದುಕೊಂಡೆ. ಯಾಕೆಂದು ಹೇಳಬೇಕಾದರೆ ನಾವು ಅಲ್ಲಿ ಕಳೆದ ಆ ಒಂದು ವರ್ಷದ ಕತೆ ಹೇಳಬೇಕು.

ನಮ್ಮದು ಅಂಕೋಲೆ ತಾಲೂಕಿನ ಹಾರವಾಡ. ನನ್ನ ಹೆಸರು ಗಣಪು, ಕೆಂಪು ಚಿರೆಕಲ್ಲಿನ ಮೇಸ್ತ್ರಿ. ಆರನೇ ಇಯತ್ತೆಗೇ ಶಾಲೆ ಬಿಟ್ಟು ಅಪ್ಪನ ಹಿಂದೆ ಕರಣೆ ಹಿಡಿದವನು. ಅಪ್ಪ ಬಾವಿ ಕಟ್ಟುವುದರಲ್ಲಿ ಹೆಸರು ಮಾಡಿದವನು, ನಾನು ಗೋಡೆಯಲ್ಲಿ. ನಾನು ಏರಿಸಿದ ಗೋಡೆಗೆ ತೂಕಗುಂಡು ಬಿಟ್ಟು ತಪ್ಪು ಹುಡುಕಿದವರು ಇನ್ನೂ ಹುಟ್ಟಬೇಕು. ಜಂಭಕ್ಕೆ ಹೇಳುತ್ತಿಲ್ಲ, ಇದ್ದದ್ದು ಹಾಗೆ.

ಎರಡು ಸಾವಿರದ ಐದೋ ಆರೋ ಇರಬೇಕು. ನಮ್ಮ ಮಗಳು ಪೂರ್ಣಿಮಾ ಒಂದನೇ ಇಯತ್ತೆಗೆ ಸೇರಿದ ವರ್ಷ. ಆಗ ಕಾರವಾರದಲ್ಲಿ ಎಲ್ಲಿ ನೋಡಿದರೂ ಮನೆ ಏಳುತ್ತಿತ್ತು. ನೌಕಾನೆಲೆಗೆಂದು, ಕೈಗಾಕ್ಕೆಂದು ಬಂದ ಹೊರಗಿನ ಜನಕ್ಕೆ ಬಾಡಿಗೆ ಮನೆ ಸಾಲುತ್ತಿರಲಿಲ್ಲ. ಮೇಸ್ತ್ರಿಗಳಿಗೆ ಕೆಲಸ ಬೇಕಾದಷ್ಟು, ಸಾಕೆಂದರೂ ಬಿಡುತ್ತಿರಲಿಲ್ಲ. ಆದರೆ ಹಾರವಾಡದಿಂದ ದಿನಾ ಹೋಗಿ ಬರುವುದೇ ಒಂದು ಶಿಕ್ಷೆ. ಬೆಳಿಗ್ಗೆ ಹೆದ್ದಾರಿಗೆ ಬಂದು ನಿಂತರೆ ಅಂಕೋಲೆಯ ಬಸ್ಸು ಬಾಗಿಲಲ್ಲೇ ಜನರನ್ನು ನೇತಾಡಿಸಿಕೊಂಡು ನಿಲ್ಲಿಸದೇ ಹೋಗುತ್ತಿತ್ತು. ಸಂಜೆ ಬಿಣಗಾ ಏರಿನಲ್ಲಿ ಒಂದು ಲಾರಿ ಕೆಟ್ಟು ನಿಂತಿತೆಂದರೆ ನಾನು ಮನೆ ಮುಟ್ಟುವಾಗ ಮಗಳಿಗೆ ನಿದ್ದೆ. ವಾರಗಟ್ಟಲೆ ಅವಳ ಮುಖವನ್ನು ಮಲಗಿದ್ದಾಗಲೇ ನೋಡಿದ್ದೇನೆ. ಕಾರವಾರದಲ್ಲೇ ಒಂದು ಕೋಣೆ ಹಿಡಿದರೆ ಮಗಳಿಗೆ ಒಳ್ಳೇ ಶಾಲೆಯೂ ಆಯಿತು, ನನಗೆ ಮಗಳೂ ಸಿಕ್ಕಳು ಎಂದು ಲೆಕ್ಕ ಹಾಕಿದೆ.

ಹೆಂಡತಿ ಸಾವಿತ್ರಿಗೆ ಮನಸ್ಸಿರಲಿಲ್ಲ. "ಅಲ್ಲಿ ಯಾರುಂಟು ನಮಗೆ? ಬಾಗಿಲು ತೆಗೆದ್ರೆ ಇನ್ನೊಬ್ರ ಬಾಗಿಲು. ಉಪ್ಪು ತೀರಿದ್ರೆ ಕೇಳುದು ಯಾರ ಹತ್ರ?" ಎಂದಳು.

"ಬಾವಿ ಉಂಟು. ಹಿತ್ತಲಲ್ಲೇ," ಎಂದೆ ನಾನು. ಬಾವಿ ಇದ್ದರೆ ಅದು ಊರೇ ಅಂತ ನನ್ನ ತಲೆ.

ಸಾಲಾಗಿ ಐದು ಕೋಣೆಗಳು. ಎದುರಿನ ದೊಡ್ಡ ಮನೆಯಲ್ಲಿ ಮಾಲೀಕರು. ಅವರನ್ನು ಎಲ್ಲರೂ ದಿನಕರ ಮಾಮ ಎನ್ನುತ್ತಿದ್ದರು. ನಮ್ಮ ಗೋಡೆಗೆ ಗೋಡೆ ಹತ್ತಿದ ಕೋಣೆಯಲ್ಲಿ ಶಾಂತಾಬಾಯಿ. ಗಂಡ ತೀರಿಹೋಗಿದ್ದ ಹೆಂಗಸು, ಪೇಟೆಯ ಖಾನಾವಳಿಯಲ್ಲಿ ಚಪಾತಿ ಲಟ್ಟಿಸುವ ಕೆಲಸ. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಬಂದ ದಿನವೇ ಒಂದು ಬಟ್ಟಲು ಬಂಗಡೆ ಹುಳಿ ತಂದು ಕೊಟ್ಟು, "ಅಗೋ ವೈನಿ, ಹೆದರ್ಬೇಡಿ. ಇಲ್ಲಿ ಎಲ್ಲ ನಮ್ಮವ್ರೇ," ಎಂದು ಸಾವಿತ್ರಿಯ ಕೈ ಹಿಡಿದಳು. ಅವಳಷ್ಟು ಒಳ್ಳೇ ಮನಸ್ಸಿನವಳನ್ನು ನಾನು ಕಡಿಮೆ ನೋಡಿದ್ದೇನೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಆ ಮಳೆಗಾಲ ನಮಗೆ ಪೇಟೆಯ ರುಚಿ ತಿಳಿಯಿತು. ಒಂದೇ ಕೋಣೆಯಲ್ಲಿ ಅಡಿಗೆ, ಊಟ, ನಿದ್ದೆ. ಸಂಡಾಸಿಗೆ ಬಾಲ್ದಿ ಹಿಡಿದು ಪಾಳಿ. ಊರಲ್ಲಿ ದೋಣಿ ಬಂದಾಗ ಕೈತುಂಬ ಸಿಗುತ್ತಿದ್ದ ಮೀನಿಗೆ ಇಲ್ಲಿ ಚೌಕಾಸಿ ಮಾಡಬೇಕು. ಆದರೆ ಸಂಜೆ ಬೆಳಕಿರುವಾಗಲೇ ನಾನು ಮನೆಯಲ್ಲಿರುತ್ತಿದ್ದೆ. ಪೂರ್ಣಿಮಾ ನನ್ನ ಬೆನ್ನ ಮೇಲೆ ಕೂತು ಶಾಲೆಯ ಹಾಡು ಹೇಳುತ್ತಿದ್ದಳು. ಅದಕ್ಕಾಗಿ ಏನು ಬೇಕಾದರೂ ಸಹಿಸಬಹುದಿತ್ತು.

ನೀರಿನದೊಂದು ಮಾತು. ದಿನಕರ ಮಾಮನ ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಳ. ಎರಡು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು, ಅದೂ ಹೊತ್ತಲ್ಲದ ಹೊತ್ತಿಗೆ. ಐದೂ ಕೋಣೆಯ ಕೊಡಪಾನಗಳು ಸಾಲಾಗಿ ಕೂತಿರುತ್ತಿದ್ದವು, ಅವುಗಳ ಹಿಂದೆ ಜಗಳ. ಸಾವಿತ್ರಿಯೂ ಒಂದು ಕೊಡ ಇಡಹೋದಾಗ ನಾನೇ ತಡೆದೆ.

"ಹಿತ್ತಲಲ್ಲಿ ಬಾವಿ ಇರುವಾಗ ನಳದ ಮುಂದೆ ಕೈ ಒಡ್ಡಿ ನಿಲ್ಲುವವರಾ ನಾವು?"

"ಎಲ್ಲರೂ ನಳದ ನೀರೇ ಹಿಡಿತ್ರು. ಬಾವಿಗೆ ಬಟ್ಟೆ ತೊಳೀಲಿಕ್ಕೆ ಮಾತ್ರ ಬರ್ತ್ರು."

"ಪೇಟೆಯವ್ರಿಗೆ ಹಗ್ಗ ಎಳಿಯುದಂದ್ರೆ ರಟ್ಟೆ ನೋವು. ನಿನಗೂ ಬಂತಾ?"

ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಹಗ್ಗ ಎಳೆದಳು.

ದೀಪಾವಳಿಗೆ ನೀರು ತುಂಬುವ ಹಬ್ಬ ಬಂತು. ಊರಲ್ಲಿ ಮಾಡುವ ಹಾಗೇ ಸಾವಿತ್ರಿ ಬಾವಿಯ ಕಟ್ಟೆ ತೊಳೆದು ರಂಗೋಲಿ ಹಾಕಿದಳು. ನಾನು ನದಿಯ ಬದಿಯ ಬೇಲಿಯಿಂದ ಹಬ್ಬಕ್ಕೆ ಬೇಕಾದ ಹಿಂಡ್ಲೆಕಾಯಿಯ ಬಳ್ಳಿ ಹುಡುಕಿ ತಂದು ಕೊಡಕ್ಕೆ ಸುತ್ತಿದೆ. ಸಾಲುಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಶಾಂತಾಬಾಯಿ ಹತ್ತಿರ ಬಂದು, "ಈ ಬಾವಿಗೆ ಪೂಜೆಯಾ ವೈನಿ?" ಎಂದಳು.

"ಮತ್ತೆ? ನೀರು ಕೊಡುದು ಇದೇ ಅಲ್ದಾ?" ಎಂದಳು ಸಾವಿತ್ರಿ.

ಶಾಂತಾಬಾಯಿ ಏನೋ ಹೇಳಲು ಬಾಯಿ ತೆರೆದಳು. ಎದುರಿನ ಜಗಲಿಯಲ್ಲಿ ದಿನಕರ ಮಾಮ ಕೂತಿದ್ದರು. ಅವಳು ಒಮ್ಮೆ ಆ ಕಡೆ ನೋಡಿ, "ಚಂದ ಆಯ್ತು," ಎಂದು ಒಳಗೆ ಹೋದಳು. ನನಗೆ ಅದು ಆಗ ಏನೂ ಅನಿಸಲಿಲ್ಲ.

ಹಬ್ಬ ಮುಗಿದ ಮೇಲೆ ನನ್ನ ಕೆಲಸವೂ ಹತ್ತಿರವೇ ಬಂತು. ಸಾಲುಮನೆಯ ಹಿತ್ತಲ ಗೋಡೆಯಾಚೆ ಒಂದು ಕಟ್ಟಡವಿತ್ತು. ಕೆಳಗಿನ ಅಂತಸ್ತು ಮೊದಲೇ ಮುಗಿದು ಬಾಡಿಗೆಯ ಜನ ತುಂಬಿದ್ದರು. ಈಗ ಮೇಲೆ ಇನ್ನೆರಡು ಅಂತಸ್ತು ಏರಿಸುವ ಕೆಲಸ. ಮಧ್ಯಾಹ್ನ ಸಾವಿತ್ರಿ ಗೋಡೆಯ ಮೇಲಿಂದ ಡಬ್ಬಿ ದಾಟಿಸುತ್ತಿದ್ದಳು. ಆ ಕಟ್ಟಡದ ಹಿತ್ತಲ ತೆಂಗಿನ ಮರದ ನೆರಳಲ್ಲಿ ಒಂದು ದುಂಡನೆಯ ಸಿಮೆಂಟಿನ ಹಲಗೆ ಇತ್ತು, ಮೊಣಕಾಲೆತ್ತರ. ನಾನು ದಿನಾ ಅದರ ಮೇಲೇ ಕೂತು ಉಣ್ಣುತ್ತಿದ್ದೆ. ತಂಪಾದ ಜಾಗ.

ಮೊದಲ ದಿನವೇ ಗುತ್ತಿಗೆದಾರನನ್ನು ಕೇಳಿದ್ದೆ. "ಇದು ಬಾವಿ ಇತ್ತಾ?"

"ಇತ್ತು. ಮುಚ್ಚಿದ್ವಿ."

"ಬಾವಿ ಮುಚ್ಚುದು ಪಾಪ."

ಅವನು ನಕ್ಕ. "ಪಾಪಕ್ಕೆಲ್ಲ ಜಾಗ ಎಲ್ಲುಂಟು ಮೇಸ್ತ್ರಿ, ಮನೆಗೇ ಜಾಗ ಇಲ್ಲ!"

ಮಳೆ ನಿಂತು ಬಾವಿಯ ನೀರು ಇಳಿಯತೊಡಗಿದ ಮೇಲೆ ಒಂದು ದಿನ ಸಾವಿತ್ರಿ ಕೊಡವನ್ನು ನನ್ನ ಮುಂದೆ ಕುಕ್ಕಿದಳು. "ಮೂಸಿ ನೋಡಿ. ಎಂತದೋ ವಾಸನೆ."

ಮೂಸಿದೆ. ನದಿಯ ಕೆಸರಿನ ವಾಸನೆಯೇ ಅನಿಸಿತು. ನಮ್ಮ ಅಪ್ಪ ಹೊಸ ಬಾವಿ ಕಟ್ಟಿ ಮುಗಿಸಿದರೆ ಕೊನೆಗೊಂದು ಕೆಲಸ ಮಾಡುತ್ತಿದ್ದ. ಗದ್ದೆ ತೋಡಿನಿಂದ ನಾಲ್ಕು ಸಣ್ಣ ಮೀನು ಹಿಡಿದು ತಂದು ಬಾವಿಗೆ ಬಿಡುತ್ತಿದ್ದ. ಮೀನು ಬದುಕಿದರೆ ನೀರು ಚಲೋ. ಆಮೇಲೆಯೇ ಮನೆಯವರು ಕೊಡ ಇಳಿಸುವುದು. ನಮ್ಮ ಕಡೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ನಾನೂ ಹಾರವಾಡಕ್ಕೆ ಹೋದವನು ಒಂದು ಡಬ್ಬಿಯಲ್ಲಿ ಬೆರಳುದ್ದದ ಮೀನು ತಂದೆ. ಬಸ್ಸಲ್ಲಿ ಡಬ್ಬಿ ತುಳುಕಿ ಪಕ್ಕದವನ ಪ್ಯಾಂಟು ಒದ್ದೆಯಾಗಿ ಬೈಸಿಕೊಂಡೆ. ಪೂರ್ಣಿಮಾಳ ಕೈಯಿಂದಲೇ ಬಾವಿಗೆ ಬಿಡಿಸಿದೆ. ಅವಳಿಗೆ ಆನಂದವೋ ಆನಂದ.

ಮೀನು ಬದುಕಿದವು. ಬದುಕಿದವು ಮಾತ್ರವಲ್ಲ, ಸುಗ್ಗಿಗೆ ಊರಿಗೆ ಹೋಗಿ ಬಂದು ನೋಡುತ್ತೇನೆ, ಗೇಣುದ್ದ ಬೆಳೆದಿವೆ! ಊರ ಬಾವಿಯಲ್ಲಿ ವರ್ಷಗಟ್ಟಲೆ ಇದ್ದರೂ ಬಡಕಲಾಗಿಯೇ ಇರುವ ಜಾತಿ ಅದು. "ನೋಡಿದ್ಯಾ? ಎಂಥಾ ನೀರು!" ಎಂದು ಸಾವಿತ್ರಿಗೆ ತೋರಿಸಿದೆ. ಪಕ್ಕದ ಕೋಣೆಯವನೊಬ್ಬ ಇಣುಕಿ ನೋಡಿ, "ಮೇಸ್ತ್ರಿ, ಮೀನಿನ ಸಾರು ಉಣ್ಲಿಕ್ಕೆ ಯಾವಾಗ ಕರಿತೀರಿ?" ಎಂದು ಹಲ್ಲು ಬಿಟ್ಟ. ನಾನೂ ನಕ್ಕೆ.

ಯುಗಾದಿ ಕಳೆದ ಮೇಲೆ ಪೂರ್ಣಿಮಾ ಊಟ ಬಿಟ್ಟಳು. ಪರೀಕ್ಷೆಯ ಹೆದರಿಕೆ ಎಂದುಕೊಂಡೆವು. ಜ್ವರ ಬಂತು, ವಾಂತಿ ಶುರುವಾಯಿತು. ಒಂದು ಬೆಳಿಗ್ಗೆ ಅವಳ ಮುಖ ತೊಳೆಸುತ್ತಿದ್ದ ಸಾವಿತ್ರಿ ಚೀರಿದಳು. ಓಡಿ ಹೋಗಿ ನೋಡಿದರೆ ಮಗುವಿನ ಕಣ್ಣ ಬಿಳಿ ಇಲ್ಲ. ಅರಿಸಿನ ಕಲಸಿಟ್ಟ ಹಾಗೆ ಹಳದಿ.

ಶಾಂತಾಬಾಯಿ ಕೆಲಸ ಬಿಟ್ಟು ಆಸ್ಪತ್ರೆಗೆ ನಮ್ಮ ಜೊತೆ ಬಂದಳು. ರಿಕ್ಷಾದಲ್ಲಿ ಮಗುವಿನ ತಲೆ ಅವಳ ತೊಡೆಯ ಮೇಲಿತ್ತು. ಕಾಮಾಲೆ, ಇಲ್ಲಿಯೇ ಇಟ್ಟುಕೊಳ್ಳಬೇಕು ಎಂದರು ಡಾಕ್ಟರಮ್ಮ. ಬರೆಯುತ್ತ ತಲೆ ಎತ್ತದೇ ಕೇಳಿದರು: "ಕುಡಿಯುವ ನೀರು ಯಾವುದು?"

"ಬಾವಿ ನೀರು. ಮೀನು ಬಿಟ್ಟು ನೋಡಿದ ನೀರು," ಎಂದೆ ನಾನು.

ಆಗ ಅವರು ತಲೆ ಎತ್ತಿದರು. ನನ್ನನ್ನು ನೋಡಿ, "ಕಾಯಿಸಿ ಕುಡಿತೀರಾ?" ಎಂದರು.

ಮೀನು ಬದುಕಿದ ನೀರನ್ನು ಕಾಯಿಸುವುದೇ? ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಪಕ್ಕದಲ್ಲಿ ಶಾಂತಾಬಾಯಿ ಗೋಡೆಯ ಕಡೆ ಮುಖ ತಿರುಗಿಸಿದ್ದಳು.

ಮಗುವಿನ ಹತ್ತಿರ ಸಾವಿತ್ರಿಯನ್ನು ಬಿಟ್ಟು ಮನೆಗೆ ಬಂದವನು ಸೀದಾ ಬಾವಿಗೆ ಹೋದೆ. ಬೇಸಿಗೆಯ ನೀರು, ಸೊಂಟದ ಮಟ್ಟಕ್ಕಿಂತ ಹೆಚ್ಚಿರಲಿಲ್ಲ. ಬಾವಿಯ ಪಕ್ಕದ ತೆಂಗಿನ ಮರಕ್ಕೆ ಹಗ್ಗ ಕಟ್ಟಿ, ಕಲ್ಲಿನ ಸಂದಿಗೆ ಕಾಲು ಕೊಡುತ್ತ ಇಳಿದೆ. ನನಗೆ ಬಾವಿ ಇಳಿಯುವುದು ಮೆಟ್ಟಿಲು ಇಳಿದ ಹಾಗೆ. ಆಸ್ಪತ್ರೆಯಿಂದ ಆಗಷ್ಟೇ ಹಿಂದಿರುಗಿದ ಶಾಂತಾಬಾಯಿ ಮೇಲಿಂದ ಕೂಗಿದಳು: "ದಾದಾ, ಇಳಿಬೇಡಿ! ದೇವರಾಣೆ, ಇಳಿಬೇಡಿ!" ಉಸಿರು ಕಟ್ಟೀತು ಎಂದು ಹೇಳುತ್ತಿದ್ದಾಳೆ ಎಂದುಕೊಂಡೆ.

ಕೆಳಗೆ ನಿಂತು ಕಣ್ಣು ಕತ್ತಲಿಗೆ ಹೊಂದುವವರೆಗೆ ಕಾದೆ. ಎಲ್ಲ ಕಡೆ ಕಲ್ಲು ಒಣಗಿತ್ತು. ಒಂದು ಕಡೆ ಮಾತ್ರ, ನನ್ನ ಎದೆಯ ಎತ್ತರದಲ್ಲಿ, ಚಿರೆಕಲ್ಲಿನ ತೂತುಗಳಿಂದ ನೀರು ಒಸರುತ್ತಿತ್ತು. ಬಾವಿಯ ಸೆಲೆ ತಳದಲ್ಲಿರಬೇಕು, ಎದೆಯೆತ್ತರದಲ್ಲಿ ಯಾವ ಸೆಲೆ? ಕೈ ಇಟ್ಟೆ. ಜಿಡ್ಡಾಗಿತ್ತು, ಸೋಪಿನ ನೊರೆಯ ಹಾಗೆ ಬಿಳಿ ಬಿಳಿ. ಬೆರಳು ಮೂಗಿನ ಹತ್ತಿರ ತಂದೆ. ಅದು ಯಾವ ವಾಸನೆ ಎಂದು ಇಲ್ಲಿ ಬರೆಯುವುದಿಲ್ಲ. ದಿನಾ ಬೆಳಿಗ್ಗೆ ಬಾಲ್ದಿ ಹಿಡಿದು ಪಾಳಿಯಲ್ಲಿ ನಿಂತವರಿಗೆಲ್ಲ ಗೊತ್ತಿರುವ ವಾಸನೆ.

ಮತ್ತು ಆ ಮೀನುಗಳು. ಬಾವಿಯಲ್ಲಿ ಬೇಕಾದಷ್ಟು ಜಾಗ ಇದ್ದರೂ ಅವೆಲ್ಲ ಒಂದೇ ಕಡೆ ಸೇರಿದ್ದವು, ಆ ಒಸರಿನ ಅಡಿಯಲ್ಲಿ. ದಪ್ಪ ದಪ್ಪ ಬಾಯಿ ತೆರೆದು, ಒಂದೊಂದು ಹನಿ ಬಿದ್ದಾಗಲೂ ಮುಗಿಬೀಳುತ್ತಿದ್ದವು.

ಹಗ್ಗ ಹಿಡಿದು ಹೇಗೆ ಮೇಲೆ ಬಂದೆನೋ ಗೊತ್ತಿಲ್ಲ. ಮೇಲೆ ಬಂದು ಆ ಒಸರು ಯಾವ ದಿಕ್ಕಿಗಿದೆ ಎಂದು ನೋಡಿದೆ. ಗೋಡೆಯಾಚೆ ಅದರ ನೇರಕ್ಕೇ ಆ ದುಂಡು ಹಲಗೆ. ಗೋಡೆ ಹಾರಿ ಹೋಗಿ ಅದರ ಮೇಲೆ ಕೈ ಇಟ್ಟೆ, ಅಂಚಿನ ಸಂದಿಗೆ ಕಿವಿ ಕೊಟ್ಟೆ. ಕೆಳಗಿನ ಅಂತಸ್ತಿನಲ್ಲಿ ಯಾರೋ ನೀರು ಸುರಿದರು. ಹಲಗೆಯ ಕೆಳಗೆ ದಡದಡ ಬಿದ್ದ ಸಪ್ಪಳ ಕೇಳಿಸಿತು. ಬಾವಿ ಮುಚ್ಚಿದ್ದೇನೋ ನಿಜ. ಒಳಗೆ ಮಣ್ಣು ತುಂಬಿರಲಿಲ್ಲ. ಇಡೀ ಕಟ್ಟಡದ ಸಂಡಾಸನ್ನೇ ಅದಕ್ಕೆ ಬಿಟ್ಟಿದ್ದರು. ನಾನು ದೀಪಾವಳಿಯಿಂದ ಅದರ ಮೇಲೆ ಕೂತು ಅನ್ನ ಉಂಡಿದ್ದೆ.

ಗುತ್ತಿಗೆದಾರ ಮೇಲಿನಿಂದ ಇಳಿದು ಬಂದ. ನನ್ನ ಮುಖ ನೋಡಿ ಎರಡು ಹೆಜ್ಜೆ ದೂರವೇ ನಿಂತ.

"ಬಾವಿಗೆ ಬಿಟ್ಟಿದ್ದೀರಲ್ಲ! ಆ ಕಡೆ ಜನ ನೀರು ಸೇದ್ತಾರೆ, ಗೊತ್ತಿಲ್ವಾ?"

"ಕುಡಿಯುದಿಲ್ಲಲ್ಲ ಮೇಸ್ತ್ರಿ. ಬಟ್ಟೆ ತೊಳಿತಾರೆ. ಅದಕ್ಕೆಂತ ಆಗ್ತದೆ?"

"ನನ್ನ ಮಗಳು ಕುಡಿದಿದ್ದಾಳೆ."

ಅವನು ನಿಜವಾಗಿಯೂ ಅರ್ಥವಾಗದವನ ಹಾಗೆ ಕೇಳಿದ: "ನಿಮಗೆ ಯಾರೂ ಹೇಳ್ಲಿಲ್ವಾ? ಎಲ್ಲರಿಗೂ ಗೊತ್ತುಂಟಲ್ಲ."

ಎಲ್ಲರಿಗೂ ಗೊತ್ತಿತ್ತು. ಐದು ಕೋಣೆಗಳಲ್ಲಿ ನಮ್ಮದೊಂದು ಬಿಟ್ಟು ನಾಲ್ಕಕ್ಕೂ. ನನ್ನ ಹೆಂಡತಿ ಆ ಬಾವಿಗೆ ರಂಗೋಲಿ ಹಾಕುವಾಗ, ಅದೇ ನೀರಲ್ಲಿ ಅನ್ನ ಬೇಯಿಸುವಾಗ, ಮಗಳು ಶಾಲೆಗೆ ಅದೇ ನೀರು ಬಾಟಲಿಯಲ್ಲಿ ಒಯ್ಯುವಾಗ ಅವರೆಲ್ಲ ನೋಡಿದ್ದರು. ಬಂಗಡೆ ಹುಳಿ ಕೊಟ್ಟಿದ್ದರು, ಹಬ್ಬಕ್ಕೆ ಸಿಹಿ ಹಂಚಿದ್ದರು. ಇದೊಂದನ್ನು ಮಾತ್ರ ಹೇಳಿರಲಿಲ್ಲ. ಬಾವಿಯೊಳಗೆ ಕಂಡದ್ದಕ್ಕಿಂತ ಇದು ನನಗೆ ದೊಡ್ಡ ಆಘಾತ. ಬಾವಿ ಕೆಟ್ಟರೆ ಕೆಸರು ತೆಗೆಯಬಹುದು. ಇದಕ್ಕೆ ಏನು ಮಾಡುವುದು?

ದಿನಕರ ಮಾಮ ಜಗಲಿಯಿಂದ ಏಳಲೂ ಇಲ್ಲ. "ಬಾವಿ ಉಂಟು ಅಂದಿದ್ದೆ ಗಣಪು. ಕುಡಿಯುವ ಬಾವಿ ಅಂದಿದ್ದೆನಾ? ನೆನಪು ಮಾಡ್ಕೋ," ಎಂದರು.

ನೆನಪು ಮಾಡಿಕೊಂಡೆ. ಅಂದಿರಲಿಲ್ಲ.

ಶಾಂತಾಬಾಯಿ ತನ್ನ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು. ನಾನು ಕೇಳಿದ್ದು ಒಂದೇ ಮಾತು, "ಯಾಕೆ?"

"ಹೇಳ್ಬೇಕು ಅಂತಲೇ ಇದ್ದೆ ದಾದಾ. ನಿಮ್ಮ ಕೋಣೆಯಲ್ಲಿ ಮೊದ್ಲಿದ್ದವ್ರು ನೀರಿನ ಸಂಗತಿ ಗೊತ್ತಾಗಿ ಮನೆ ಬಿಟ್ರು. ಹೇಳಿದವ್ಳು ನಾನೇ. ಇನ್ನೊಮ್ಮೆ ಬಾಯಿ ಬಿಟ್ರೆ ನೀನೂ ಗಂಟು ಕಟ್ಟು ಅಂದ್ರು ಮಾಮ. ಈ ಕೋಣೆ ಬಿಟ್ರೆ ನಾ ಎಲ್ಲಿ ಹೋಗ್ಲಿ? ಮಳೆಗಾಲದಲ್ಲಿ ನೀರು ತಿಳಿ ಇತ್ತು, ಏನೂ ಆಗುದಿಲ್ಲ ಅಂದ್ಕೊಂಡೆ. ಆಮೇಲೆ ನೀವು ಮೀನು ಬಿಟ್ರಿ. ನಿಮಗೂ ಗೊತ್ತಾಗಿದೆ, ಇನ್ನು ಮೀನು ಸಾಕ್ಲಿಕ್ಕೆ ಬಾವಿ ಇಟ್ಕೊಂಡ್ರು ಅಂತ ತಿಳ್ಕೊಂಡೆ."

ನಾನು ನೀರು ಚಲೋ ಎಂದು ತೋರಿಸಲು ಬಿಟ್ಟ ಮೀನನ್ನು ನೋಡಿಯೇ ಅವಳು ಸುಮ್ಮನಾಗಿದ್ದಳು.

ಪೂರ್ಣಿಮಾ ಉಳಿದಳು. ಹಾಗೆಂದು ಈಗ ಒಂದೇ ಮಾತಲ್ಲಿ ಬರೆಯಬಹುದು. ಆಗ ಆ ದಿನಗಳು ಮುಗಿಯುವಂತೆಯೇ ಕಂಡಿರಲಿಲ್ಲ. ಅವಳ ಕಣ್ಣಲ್ಲಿ ಬಿಳಿ ತಿರುಗಿ ಬಂದ ದಿನ ನಾನು ಟೆಂಪೋ ಹೇಳಿ ಬಂದೆ. ಪಾತ್ರೆ ಕಟ್ಟು, ಇವತ್ತೇ ಹಾರವಾಡಕ್ಕೆ ಎಂದೆ. ಮದುವೆಯಾದಾಗಿನಿಂದ ನನ್ನ ಮಾತು ಮೀರದ ಸಾವಿತ್ರಿ ಕೊಡಪಾನ ಹಿಡಿದು ಎದ್ದು ನಿಂತಳು.

"ನಾ ಬರುದಿಲ್ಲ."

"ಎಂತದು? ಈ ಹೊಲಸಲ್ಲಿ ಇರ್ತ್ಯಾ?"

"ಊರಲ್ಲಿ ಬಾವಿ ಚಲೋ ಉಂಟು, ಗೊತ್ತು. ಬಸ್ಸಿಗೆ ಕಾದು ಕಾದು ಅರ್ಧ ಶಾಲೆ ಬಿಟ್ಟ ಹುಡ್ಗೀರೂ ಅಲ್ಲೇ ಇದ್ರು. ನೀವು ಆರನೇದಕ್ಕೇ ಬಿಟ್ರಿ, ನಾ ಅಷ್ಟೂ ಹೋಗ್ಲಿಲ್ಲ. ಶಾಲೆಗೆ ಹೋದವ್ರಾಗಿದ್ರೆ ನೀರು ಕಾಯಿಸ್ಬೇಕು ಅಂತ ನಮ್ಗೆ ಯಾರೂ ಹೇಳ್ಬೇಕಿತ್ತಾ? ಇವ್ಳು ಕಲೀಲಿ. ನೀರು ನಾ ಹಿಡಿತೆ. ನಳದ ಮುಂದೆ ನಿಲ್ಲುಕೆ ನಂಗೆ ಮರ್ಯಾದೆ ಹೋಗುದಿಲ್ಲ. ನಿಮ್ಗೆ ಹೋಗ್ತಿದ್ರೆ ನೀವು ಬರ್ಬೇಡಿ."

ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ.

ಟೆಂಪೋ ಹಾರವಾಡಕ್ಕೆ ಹೋಗಲಿಲ್ಲ. ಹುಡುಕಿ ಹುಡುಕಿ ಕಾರವಾರದ ಬದಿಯ ಶಿರವಾಡದಲ್ಲಿ ಒಂದು ಕೋಣೆ ಹಿಡಿದೆವು. ಮೊದಲಿನದಕ್ಕಿಂತ ಇಕ್ಕಟ್ಟು, ಬಾಗಿಲ ಮುಂದೆ ನಳ. ಅರ್ಧ ಏರಿಸಿದ ಗೋಡೆ ಬಿಟ್ಟು ಬರುವ ಜಾತಿಯವನು ನಾನಲ್ಲ, ಕಟ್ಟಡದ ಗೋಡೆ ಮುಗಿಸಿಕೊಟ್ಟೆ. ಅನ್ನ ಮಾತ್ರ ರಸ್ತೆಯ ಬದಿ ನಿಂತು ಉಂಡೆ. ಮಗಳು ಕಲಿತಳು, ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. ಬಯಸಿದ್ದು ಸಿಕ್ಕಿತು. ಆದರೆ ಹಾರವಾಡಕ್ಕೆ ಬಂದಾಗ, ನನ್ನ ಅಪ್ಪ ಕಟ್ಟಿದ ಬಾವಿಯ ನೀರನ್ನು ನಾನೇ ಸೇದಿ ಕೊಟ್ಟರೂ, ಅವಳು ಮೊದಲು ಲೋಟದೊಳಗೆ ಇಣುಕಿ ನೋಡುತ್ತಾಳೆ. ತಿಳಿದು ಮಾಡುವುದಲ್ಲ, ಅಭ್ಯಾಸ. ಆ ಒಂದು ಕ್ಷಣ ನಾನು ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತೇನೆ.

ಅದಕ್ಕೇ ಹೋದ ಬೇಸಿಗೆಯಲ್ಲಿ ಆ ಒದ್ದೆ ಹಗ್ಗ ಮುಟ್ಟಿ ನಿಂತವನಿಗೆ ಅಲ್ಲಿಂದ ಸುಮ್ಮನೆ ಹೋಗಲಾಗಲಿಲ್ಲ. ನಾವಿದ್ದ ಕೋಣೆಯಿಂದ ಒಬ್ಬ ಹೆಂಗಸು ಬಂದಳು. ಚಿಕ್ಕ ಪ್ರಾಯ, ಬಯಲುಸೀಮೆಯ ಮಾತು. ಸೊಂಟದಲ್ಲಿ ತೊಳೆದು ಹೊಳೆಯುವ ಕೊಡ. ಬಟ್ಟೆ ತೊಳೆಯಲು ಯಾರೂ ಕೊಡವನ್ನು ಅಷ್ಟು ತಿಕ್ಕುವುದಿಲ್ಲ.

"ತಂಗೀ, ಈ ನೀರು ಕುಡಿತೀರಾ?"

"ಹೌದ್ರೀ. ಬಂದು ಒಂದು ವಾರಾತು. ಯಾಕ್ರಿ?"

ಹೇಳಿದೆ. ಗೋಡೆಯಾಚೆಯ ಆ ದುಂಡು ಹಲಗೆ ತೋರಿಸಿದೆ. ನನ್ನ ಮಗಳ ಕಣ್ಣಿನ ಬಣ್ಣ ಹೇಳಿದೆ. ಅವಳ ಕೈಯಿಂದ ಕೊಡ ಜಾರಿ ಕಟ್ಟೆಗೆ ಬಡಿಯಿತು. ಸಪ್ಪಳಕ್ಕೆ ಪಕ್ಕದ ಬಾಗಿಲು ತೆರೆಯಿತು. ಕೂದಲೆಲ್ಲ ಬೆಳ್ಳಗಾಗಿ, ಬೆನ್ನು ಬಾಗಿ, ಶಾಂತಾಬಾಯಿ. ನನ್ನ ಗುರುತು ಸಿಗಲಿಲ್ಲ ಎಂದು ಕಾಣುತ್ತದೆ. ನನ್ನನ್ನು ನೋಡಿದಳು, ಬಿದ್ದ ಕೊಡ ನೋಡಿದಳು, ಎದುರಿನ ಜಗಲಿಯ ಕಡೆ ಒಮ್ಮೆ ನೋಡಿದಳು. ಜಗಲಿಯಲ್ಲಿ ಈಗ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿ ಆ ಹುಡುಗಿಗೆ ಹೇಳಿದಳು:

"ಹೇಳ್ಬೇಕು ಅಂತಲೇ ಇದ್ದೆ."